ಬೀರುವಿನಲ್ಲಿದ್ದ ಬದಲಿ ಸರ್ವರ್

ಜನನ ಮರಣ ನೋಂದಣಿ ಕಚೇರಿಯಲ್ಲಿ ಎರಡು ಸರ್ವರ್‌ಗಳಿವೆ. ಒಂದು ಕೆಟ್ಟರೆ ಇನ್ನೊಂದು ತಕ್ಷಣ ಕೆಲಸ ವಹಿಸಿಕೊಳ್ಳತಕ್ಕದ್ದು. ಅದು ಸದಾ ಹೊಸದಾಗಿ, ಅಣಿಯಾಗಿ ಇರಲೆಂದು ಮೂರು ವರ್ಷದಿಂದ ಪೆಟ್ಟಿಗೆ ಸಮೇತ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಲಾಗಿದೆ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ಸರ್ವರ್ ಕೈಕೊಟ್ಟಿತು. ಅದನ್ನು ನೋಡಿಕೊಳ್ಳುವ ತಂತ್ರಜ್ಞ ಗಾಬರಿಬಿದ್ದ. ಅವನ ಮಗಳ ಜನನ ಪತ್ರ ಅದರೊಳಗಿತ್ತು. ಶಾಲೆಗೆ ಸೇರಿಸಲು ಶುಕ್ರವಾರ ಕೊನೆಯ ದಿನ. ಪತ್ರ ತನ್ನಿ ಎಂದು ಹೆಂಡತಿ ಮೂರು ತಿಂಗಳಿಂದ ಬಡಕೊಳ್ಳುತ್ತಿದ್ದಳು. ಅದೇ ಕಚೇರಿಯಲ್ಲಿರುವವನಿಗೆ ಅವಸರವೇನು ಎಂದು ಈ ಮಹಾಶಯ ಮುಂದೂಡುತ್ತಲೇ ಬಂದಿದ್ದ.

ಅವನು ಬೀಗದ ಕೈ ಕೇಳಲು ವ್ಯವಸ್ಥಾಪಕರ ಬಳಿ ಓಡಿದ. ದಿನವೂ ದಾಖಲೆಗಳ ನಕಲು ತೆಗೆದಿಟ್ಟಿದ್ದೇನೆ, ಪೆಟ್ಟಿಗೆ ಬಿಚ್ಚಿ ಜೋಡಿಸಿದರೆ ಎರಡು ಗಂಟೆಯಲ್ಲಿ ಎಲ್ಲ ಸರಿಹೋಗುತ್ತದೆ ಎಂದ.

"ಅದನ್ನೂ ಬಳಸಿಬಿಟ್ರೆ ಆಪತ್ತಿಗೆ ಏನ್ರೀ ಉಳಿಯುತ್ತೆ?" ಎಂದರು ವ್ಯವಸ್ಥಾಪಕರು.

"ಆಪತ್ತು ಅಂದ್ರೆ ಇದೇ ಅಲ್ವಾ ಸಾರ್?"

"ಅದನ್ನ ಸಮಿತಿ ಹೇಳ್ಬೇಕು."

ಸಮಿತಿ ಬುಧವಾರ ಕೂತಿತು. ಎರಡೂ ಸರ್ವರ್‌ಗಳನ್ನು ಪಕ್ಷಪಾತವಿಲ್ಲದೆ ಅಳೆದು ನೋಡಲಾಗಿ, ಮೊದಲನೆಯದು ಹದಿನೇಳು ಬಾರಿ ಕೆಟ್ಟಿದೆ, ಬೀರುವಿನಲ್ಲಿರುವುದು ಒಮ್ಮೆಯೂ ಕೆಟ್ಟಿಲ್ಲ ಎಂಬುದು ಬೆಳಕಿಗೆ ಬಂತು. ಇಂಥ ಒಳ್ಳೆಯ ಯಂತ್ರವನ್ನು ಕೆಲಸಕ್ಕೆ ಹಚ್ಚಿ ಹಾಳುಮಾಡುವುದು ತರವಲ್ಲ ಎಂದು ಹಿರಿಯ ಸದಸ್ಯರು ಅಭಿಪ್ರಾಯಪಟ್ಟರು. ಗುರುವಾರ ಫಲಕದ ಮೇಲೆ ಆದೇಶ ಬಂತು:

"ಯಾವುದೇ ಬದಲಿಯನ್ನು ಬಳಸುವ ಮುನ್ನ ಅದಕ್ಕೊಂದು ಬದಲಿ ಇರತಕ್ಕದ್ದು. ಊರಿನ ಸಕಲ ಸಂಸ್ಥೆಗಳೂ ಬದಲಿ ವ್ಯವಸ್ಥೆ ಹೊಂದಿರತಕ್ಕದ್ದು."

ಸಾಲಿನಲ್ಲಿ ನಿಂತಿದ್ದವರು ಇದನ್ನೋದಿ, ಇಷ್ಟಾದರೂ ಮಾಡಿದರಲ್ಲ ಎಂದು ಸಮಾಧಾನದಿಂದ ಮನೆಗೆ ಹೋದರು. ತಂತ್ರಜ್ಞನಿಗೆ ಮಾತ್ರ ಅಳುವೇ ಬಂತು.

ಶುಕ್ರವಾರ ಅವನು ಮಗಳ ಕೈಹಿಡಿದು ಶಾಲೆಗೆ ಹೋಗಿ, ಇವಳು ಹುಟ್ಟಿರುವುದು ನಿಜ ಎಂದು ಮುಖ್ಯೋಪಾಧ್ಯಾಯಿನಿಯ ಮುಂದೆ ಗೋಗರೆದ. ಹುಡುಗಿ ಸಾಕ್ಷಿಗೆಂಬಂತೆ ಒಮ್ಮೆ ಸೀನಿದಳು. ಪತ್ರವಿಲ್ಲದೆ ಸೇರಿಸಿಕೊಳ್ಳುವಂತಿಲ್ಲ, ಆದರೆ ಹೊಸ ಆದೇಶದಂತೆ ಶಾಲೆಗೂ ಒಂದು ಬದಲಿ ಬೇಕಾಗಿತ್ತು.

"ಒಂದನೇ ಕ್ಲಾಸಿಗೆ ಬದಲಿ ವಿದ್ಯಾರ್ಥಿನಿ ಅಂತ ಇಟ್ಕೊಳ್ತೀವಿ" ಎಂದರು ಆಕೆ. "ಯಾವ್ದಾದ್ರೂ ಮಗು ಬರದಿದ್ರೆ ಒಳಗೆ ಕೂರ್ತಾಳೆ. ಎಲ್ರೂ ಬಂದ್ರೆ ಹೊರಗೆ ಬೆಂಚಿನ ಮೇಲೆ."

ಅವನು ಕೈಮುಗಿದು ಬಂದ.

ಈಗ ಹುಡುಗಿಗೆ ಅ, ಈ, ಒ ಬರೆಯಲು ಬರುತ್ತದೆ. ನಡುವಿನ ಅಕ್ಷರಗಳನ್ನು ಕಲಿಸಿದ ದಿನ ತರಗತಿಯಲ್ಲಿ ಎಲ್ಲರೂ ಹಾಜರಿದ್ದರು. ಮೊನ್ನೆ ಸಂಜೆ ಅವಳು ಚೀಲ ಇಳಿಸುತ್ತಿದ್ದಂತೆ ತಾಯಿ ಎಂದಿನಂತೆ ವಿಚಾರಿಸಿದಳು, "ಇವತ್ತೂ ಯಾರಿಗೂ ಜ್ವರ ಬರ್ಲಿಲ್ವೇನೆ?"

"ಇಲ್ಲಮ್ಮ. ಆದ್ರೆ ಬೆಂಚಿಗೆ ಇನ್ನೊಬ್ಳು ಬಂದಿದಾಳೆ. ನಂಗೆ ಬದಲಿಯಂತೆ."

ಮಗಳಿಗೆ ಇಷ್ಟು ಬೇಗ ಬಡ್ತಿ ಸಿಕ್ಕಿತೆಂದು ತಂತ್ರಜ್ಞ ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ ಹೇಳಿ ಬಂದ.