ಮಾವನಿಗೊಂದು ಕ್ಯಾನ್ ಸಾಬೂನು

ಇನ್ನು ಮುಂದೆ ಈ ಮನೆಯೊಳಗೆ ಅಂಗಡಿ ಸೋಪು ಕಾಲಿಡಕೂಡದು, ಸಾಬೂನು ನಾನೇ ಮಾಡುತ್ತೇನೆ ಎಂದು ಒಂದು ಭಾನುವಾರ ಬೆಳಿಗ್ಗೆ ನಾನು ಅಪ್ಪಣೆ ಹೊರಡಿಸಿದೆ. ಕೇಳಲು ಇದ್ದವರು ಇಬ್ಬರೇ. ಹೆಂಡತಿ ತಲೆ ಎತ್ತಲಿಲ್ಲ. ಅವಳಪ್ಪ, ಅಂದರೆ ನಮ್ಮ ಮಾವ, ಪೇಪರ್ ಮಡಿಸಿ "ಭೇಷ್ ಅಳಿಯಂದ್ರೇ" ಎಂದರು. ಅನರ್ಥ ಶುರುವಾದದ್ದು ಅಲ್ಲಿಂದಲೇ.

ಅಂಗಡಿಯಿಂದಲೇ ಸೋಪು ತಂದು ತುರಿದೆ ಎಂಬುದನ್ನು ದಯವಿಟ್ಟು ಎತ್ತಿ ಆಡಬೇಡಿ. ತುರಿಯನ್ನು ಬಿಸಿನೀರಿನಲ್ಲಿ ಕರಗಿಸಿ, ತಂಪಿಗೆ ಸೌತೆಕಾಯಿ ರಸ, ನುಣುಪಿಗೆ ಹಾಲು ಸುರಿದೆ. ಕೆಳಗೆ ನಲ್ಲಿಯಿದ್ದ ದೊಡ್ಡ ಕ್ಯಾನ್ ತುಂಬಿತು.

"ಇಷ್ಟು ನೀರು, ಹಾಲು ಬೆರೆಸಿದೀರಿ. ಕೆಡದ ಹಾಗೆ ಏನಾದ್ರೂ ಹಾಕಬೇಡವೇನ್ರಿ?" ಎಂದಳು ಹೆಂಡತಿ.

"ಕೊಳೆ ತೆಗೆಯೋದೇ ಸೋಪಿನ ಕೆಲಸ ಕಣೇ. ಪೊಲೀಸ್ ಸ್ಟೇಷನ್ನಿಗೆ ಯಾರಾದ್ರೂ ಕಾವಲು ಹಾಕ್ತಾರಾ?"

"ಹಾಲು ಒಂದು ದಿನ ಹೊರಗಿಟ್ರೆ ಏನಾಗತ್ತೆ?"

"ಅದು ಕುಡಿಯೋ ಹಾಲು. ಇದು ಸೋಪಿನ ಹಾಲು."

ಮಾವ ಮೆಚ್ಚಿ ನಕ್ಕರು. ಹೆಂಡತಿ ತನ್ನ ಕಪಾಟಿನಿಂದ ಅಂಗಡಿ ಸೋಪು ತೆಗೆದುಕೊಂಡು ಸ್ನಾನಕ್ಕೆ ಹೋದಳು. ಹೇಳಲು ನಾಚಿಕೆ, ಮರುದಿನದಿಂದ ನಾನೂ ಅದನ್ನೇ ಕದ್ದು ಬಳಸಿದೆ. ನನ್ನದರಲ್ಲಿ ನೊರೆಯೇ ಬರುತ್ತಿರಲಿಲ್ಲ. ಮಾವ ಹಾಗಲ್ಲ. ರೈಲ್ವೆ ಗಾರ್ಡ್ ಆಗಿದ್ದವರು, ಹಸಿರು ಬಾವುಟ ತೋರಿಸಿದ ಮೇಲೆ ಹಿಂದೆಗೆಯುವುದಿಲ್ಲ. ಕ್ಯಾನ್ ಅವರ ಸ್ನಾನದಮನೆ ಸೇರಿತು. ಆ ಸ್ನಾನದಮನೆಯನ್ನು ತಾವೇ ತೊಳೆದುಕೊಳ್ಳುತ್ತಾರೆ, ಬೇರೆಯವರನ್ನು ಬಿಡುವುದಿಲ್ಲ. ಅವರಿಗೆ ವಾಸನೆ ತಿಳಿಯುವುದಿಲ್ಲ. ಹಳೇ ನೆಗಡಿಯೊಂದು ಹೋಗುವಾಗ ಅದನ್ನೂ ಕರೆದುಕೊಂಡು ಹೋಗಿದೆ. ನನಗಿದು ಗೊತ್ತಿತ್ತು. ಗೊತ್ತಿದ್ದೂ ಯೋಚಿಸಲಿಲ್ಲ.

ಕೆಲವು ವಾರ ಕಳೆಯುವಷ್ಟರಲ್ಲಿ ಮಾವ ಹಾದುಹೋದ ಕಡೆಯೆಲ್ಲ ಒಂದು ಹುಳಿ ನಾತ. ನನ್ನ ತೀರ್ಪು ಸಿದ್ಧವಾಗಿತ್ತು. "ವಯಸ್ಸಾಯ್ತು ನೋಡೇ. ನಿಮ್ಮಪ್ಪ ಸರಿಯಾಗಿ ಸ್ನಾನ ಮಾಡ್ತಿಲ್ಲ."

"ಅಪ್ಪನಿಗೆ ಅದನ್ನ ನಾನು ಹೇಗೆ ಹೇಳಲಿ?" ಎಂದು ಅವಳು ಕಣ್ಣು ತುಂಬಿಕೊಂಡಳು.

ಆ ಮಹಾಕಾರ್ಯವನ್ನೂ ನಾನೇ ಹೊತ್ತೆ. "ಮಾವ, ಸ್ವಲ್ಪ ಚೆನ್ನಾಗಿ ಸೋಪು ಹಚ್ಕೊಂಡು ಸ್ನಾನ ಮಾಡಿ" ಎಂದೆ. ಅವರ ಮುಖ ಸಣ್ಣದಾಯಿತು.

"ಆಗಲಿ ಅಳಿಯಂದ್ರೇ. ಇನ್ಮೇಲೆ ಎರಡು ಹೊತ್ತೂ ಮಾಡ್ತೀನಿ. ನಿಮ್ಮ ಸೋಪು ಇದೆಯಲ್ಲ."

ನಾತ ಇಮ್ಮಡಿಯಾಯಿತು.

ದಿನಾ ಸಂಜೆ ವಾಚನಾಲಯದ ಜಗಲಿಯಲ್ಲಿ ಮೂವರು ಗೆಳೆಯರೊಂದಿಗೆ ಇಸ್ಪೀಟು ಆಡುತ್ತ, ಎಲೆ ಹಂಚುವ ನಡುವೆ ರೈಲಿನ ಕಥೆ ಹೇಳುವುದು ಮಾವನ ಬದುಕಿನ ಸುಖ. ಈಗ ಹೋದ ಹಾಗೆಯೇ ವಾಪಸ್ ಬರತೊಡಗಿದರು.

"ಯಾಕೆ ಮಾವ?"

"ಮೂರೇ ಜನ ಸಾಕಂತೆ. ನನ್ನ ಕಥೆ ಬೇಜಾರಾಗಿರಬೇಕು. ಹೇಳಿದ್ದೇ ಹೇಳ್ತೀನಲ್ಲ" ಎಂದು ನಕ್ಕರು. ಆ ರಾತ್ರಿಯಿಂದ ಊಟಕ್ಕೆ ಕೂತಾಗಲೂ ಕಥೆ ನಿಂತಿತು. ನಾನೋ, ಮಾವನಿಗೆ ವಯಸ್ಸಿನ ನಾತ ಎಂದು ಆಫೀಸಿನಲ್ಲೆಲ್ಲ ಸಾರಿಕೊಂಡು ಬಂದೆ.

ಒಂದು ಬೆಳಿಗ್ಗೆ ಹೆಂಡತಿಯ ಸೋಪು ಮುಗಿದಿತ್ತು. ಆಫೀಸಿಗೆ ಹೊತ್ತಾಗಿತ್ತು. ಮಾವನ ಸ್ನಾನದಮನೆಗೆ ನುಗ್ಗಿದೆ. ನಾತ ಗಪ್ಪೆಂದು ಹೊಡೆಯಿತು. ಮಾವನ ಸ್ನಾನದಮನೆ, ಮಾವನ ನಾತ ಎಂದುಕೊಂಡು, ನನ್ನ ಸಾಬೂನನ್ನೇ ಧಾರಾಳವಾಗಿ ಮೈಗೆ ಉಜ್ಜಿಕೊಂಡು ಹೊರಟೆ.

ಆಫೀಸಿನಲ್ಲಿ ಟೈಪಿಸ್ಟ್ ಕುರ್ಚಿ ದೂರ ಸರಿಸಿದಳು. ಅಕೌಂಟೆಂಟ್ ಕಿಟಕಿ ತೆರೆದು, ಕರ್ಚೀಫಿನೊಳಗಿಂದ ಮೆಲ್ಲಗೆ ಕೇಳಿದ: "ಸಾರ್, ನಿಮ್ಮ ಮಾವನಿಗೆ ಏನೋ ಅಂದ್ರಲ್ಲ, ಅದು ಅಂಟುತ್ತಾ?"

ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದೆ. ಹೆಂಡತಿಯ ಎದುರಿಗೇ ಕ್ಯಾನಿನ ಮುಚ್ಚಳ ಬಿಚ್ಚಿದೆ. ಒಳಗಿದ್ದದ್ದು ಒಡೆದು ಗೆಡ್ಡೆಕಟ್ಟಿ, ಮೇಲೆ ಹಸಿರು ಬೂಷ್ಟು ಹೊದ್ದು ಮಲಗಿತ್ತು. ಅವಳು ಕ್ಯಾನ್ ನೋಡಿದಳು, ನನ್ನನ್ನು ನೋಡಿದಳು. "ಅಪ್ಪನಿಗೆ ನೀವೇ ಹೇಳಿ" ಎಂದಳು.

ಹೇಳಿದೆ. ನಾನು ಅದನ್ನು ಬಳಸುತ್ತಿರಲಿಲ್ಲ ಎಂಬುದನ್ನೂ ಹೇಳಿದೆ. ಮಾವ ಪೇಪರ್ ಮಡಿಸಿಟ್ಟರು.

"ಹಾಗಾದ್ರೆ ಅವರು ನನ್ನ ಕಥೆಗೆ ಬೇಜಾರಾಗಿ ದೂರ ಮಾಡಿದ್ದಲ್ಲ?"

"ಅಲ್ಲ ಮಾವ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಭೂಮಿ ಬಾಯ್ತೆರೆದು ನುಂಗಿದ್ದರೆ ಸಾಕಿತ್ತು ಅನ್ನಿಸಿತು.

"ಸಂಜೆ ನನ್ನ ಜೊತೆ ಬನ್ನಿ" ಎಂದರು.

ಇಬ್ಬರೂ ಅಂಗಡಿ ಸೋಪಿನಲ್ಲಿ ಮಿಂದು ವಾಚನಾಲಯಕ್ಕೆ ಹೋದೆವು. ಗೆಳೆಯರು ಮೊದಲು ಹಿಂದೆ ಸರಿದರು, ಆಮೇಲೆ ಮೂಗರಳಿಸಿದರು, ಕೊನೆಗೆ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಮಾವ ಎಲೆ ಹಂಚಿ, ಗಂಟಲು ಸರಿಮಾಡಿಕೊಂಡರು.

"ಒಂದು ಭಾನುವಾರ ಬೆಳಿಗ್ಗೆ ನಮ್ಮ ಅಳಿಯಂದ್ರು ಒಂದು ಅಪ್ಪಣೆ ಹೊರಡಿಸಿದ್ರು…"

ಯಾರೂ ಎದ್ದು ಹೋಗಲಿಲ್ಲ. ಸೋಪು ತುರಿಯುವಲ್ಲಿಗೆ ಬರುವಷ್ಟರಲ್ಲಿ ಪಕ್ಕದ ಬೆಂಚಿನವರೂ ಬಂದು ಸೇರಿದರು. ನಾನು ಮೆಲ್ಲಗೆ ಏಳಲು ನೋಡಿದೆ. ಮಾವ ನನ್ನ ಭುಜ ಒತ್ತಿ ಕೂರಿಸಿದರು.

"ಎಲ್ಲಿಗೆ ಇಳೀತೀರಿ ಅಳಿಯಂದ್ರೇ? ಪೊಲೀಸ್ ಸ್ಟೇಷನ್ ಇನ್ನೂ ಬಂದಿಲ್ಲ."