ಅಲ್ ಖೋರಿನಲ್ಲಿ ಅಮೆರಿಕದ ಚುನಾವಣಾ ತಂತ್ರ

ರಾಜಕೀಯ ಏನೂ ಗೊತ್ತಿಲ್ಲದವರಿಂದ ಯಾರಿಗೂ ತೊಂದರೆಯಿಲ್ಲ. ಅರ್ಧ ಗೊತ್ತಿರುವ ನನ್ನಂಥವರಿಂದಲೇ ಎಲ್ಲ ಫಜೀತಿ. ಆ ಅರ್ಧ ಜ್ಞಾನ ನನಗೆ ಬಂದದ್ದು ಆಫೀಸಿನ ಅಮೆರಿಕನ್ ಸಹೋದ್ಯೋಗಿ ಡೇವ್‌ನಿಂದ. ಅದು 2004, ಅವನ ದೇಶದಲ್ಲಿ ಅಧ್ಯಕ್ಷ ಚುನಾವಣೆ. ಪಕ್ಷದ ಜಗಳದಲ್ಲಿ ಡೇವ್ ಮತ್ತು ಅವನ ಅಣ್ಣ ಮಾತು ಬಿಟ್ಟಿದ್ದರು. "ಜನ ಇಷ್ಟು ಒಡೆದುಹೋಗಿದ್ದರೆ ಗೆಲ್ಲುವುದು ಹೇಗಯ್ಯಾ?" ಎಂದು ಕೇಳಿದೆ. ಎದುರಾಳಿಗಳನ್ನು ಒಪ್ಪಿಸಲು ಯಾರೂ ಹೋಗುವುದಿಲ್ಲವಂತೆ. ಒಂದು ಪಕ್ಷ ಚರ್ಚಿನ ಭಕ್ತರನ್ನು, ತೆರಿಗೆ ಇಳಿಯಲಿ ಎನ್ನುವ ವ್ಯಾಪಾರಿಗಳನ್ನು, ಬಂದೂಕು ಪ್ರಿಯರನ್ನು ಒಟ್ಟುಗೂಡಿಸುತ್ತದೆ; ಇನ್ನೊಂದು ಕಾರ್ಮಿಕರನ್ನು, ಕಪ್ಪು ಜನರನ್ನು, ನಗರದ ವಿದ್ಯಾವಂತರನ್ನು. ಯಾರಿಗೆ ಏನು ಬೇಕೋ ಅದನ್ನು ಅವರಿಗೆ ಹೇಳಿ, ಮತದಾನದ ದಿನ ಮನೆಯಿಂದ ಹೊರಡಿಸಿದರೆ ಖಲಾಸ್!

ಕೊಲ್ಲಿ ದೇಶದ ಪುಟ್ಟ ಊರಾದ ನಮ್ಮ ಅಲ್ ಖೋರಿನ ಕನ್ನಡ ಬಳಗವೂ ಆಗ ಎರಡು ಹೋಳಾಗಿತ್ತು. ಕಾರಣ, ಚಳಿಗಾಲದ ಪಿಕ್ನಿಕ್ಕಿನ ಊಟ. ಕರಾವಳಿಯವರಿಗೆ ಕೋಳಿ ಬೇಕು, ಮೈಸೂರು ಕಡೆಯವರಿಗೆ ಅದರ ವಾಸನೆಯೂ ಬೇಡ. ಕಂಪನಿ ಬಸ್ಸಿನಲ್ಲೂ ಎಡಬಲ ಬೇರೆಬೇರೆ ಕೂರುತ್ತಿದ್ದರು. ನಾನು ಅಧ್ಯಕ್ಷ ಸ್ಥಾನಕ್ಕೆ ನಿಂತೆ. ಕರಾವಳಿಯ ಮುಖಂಡ ಶೆಟ್ಟರಿಗೆ ಕೋರಿ ರೊಟ್ಟಿ ಎಂದೆ. ಮೈಸೂರಿನವರ ಮುಖಂಡ ಮೂರ್ತಿಗಳಿಗೆ ಈರುಳ್ಳಿಯೂ ಇಲ್ಲದ ಪುಳಿಯೋಗರೆ ಎಂದೆ.

ಮತದಾನದ ಶುಕ್ರವಾರ, ಡೇವ್ ಹೇಳಿದಂತೆ, ಶೆಟ್ಟರನ್ನು ಮನೆಯಿಂದ ಹೊರಡಿಸಿ ಕಾರಿಗೆ ಹತ್ತಿಸಿಕೊಂಡೆ. ದಾರಿಯಲ್ಲಿ ಮೂರ್ತಿಗಳು ಕೆಟ್ಟ ಕಾರಿನ ಪಕ್ಕ ನಿಂತು ಕೈಬೀಸುತ್ತಿದ್ದರು. ಅವರದೂ ಒಂದು ವೋಟಲ್ಲವೇ? ಹತ್ತಿಸಿಕೊಂಡೆ.

"ಮಾರಾಯ್ರೆ, ಕೋರಿ ರೊಟ್ಟಿ ಖಂಡಿತ ಉಂಟಲ್ಲ?" ಎಂದರು ಶೆಟ್ಟರು.

"ಏನ್ರೀ ಇದು? ಈರುಳ್ಳೀನೂ ಹಾಕ್ಸಲ್ಲ ಅಂತ ನಂಗೆ ಹೇಳಿದ್ರಲ್ಲ!" ಎಂದರು ಮೂರ್ತಿಗಳು.

ಕಾರಿನ ಎ.ಸಿ. ಜೋರಾಗಿಯೇ ಇತ್ತು, ಆದರೂ ಬೆವೆತೆ. ತಿಂಗಳುಗಳಿಂದ ಮುಖ ನೋಡದ ಇಬ್ಬರೂ ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಶೆಟ್ರೇ, ಎರಡು ಒಲೆ ಹಚ್ಚಿದ್ರಾಯ್ತಲ್ವಾ?"

"ಆಯ್ತು ಮೂರ್ತಿಗಳೇ. ಇವರೊಬ್ಬರು ಬೇಡ."

ಹೀಗೆ ಒಡೆದ ಬಳಗವನ್ನು ಒಂದುಗೂಡಿಸಿದ ಕೀರ್ತಿ ನನ್ನದಾಯಿತು. ಎಣಿಕೆಯಲ್ಲಿ ನನಗೆ ಬಂದದ್ದು ಒಂದೇ ವೋಟು, ಅದೂ ನಾನೇ ಹಾಕಿದ್ದು. ಬಳಗದಲ್ಲಿ ನನ್ನ ಹೆಂಡತಿ ಸುಮಿತ್ರೆಯೂ ಸದಸ್ಯೆ ಎಂಬುದು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ವಾಪಸು ಬರುವಾಗ ಥಟ್ಟನೆ ನೆನಪಾಯಿತು.

"ನೀನೂ ಹಾಕಲಿಲ್ವೇನೇ?" ಎಂದೆ.

"ಶೆಟ್ರಿಗೆ ಕೋಳಿ ಅಂದ್ರಿ, ಮೂರ್ತಿಗಳಿಗೆ ಪುಳಿಯೋಗರೆ ಅಂದ್ರಿ. ನಿಂಗೇನು ಬೇಕು ಅಂತ ನನ್ನ ಒಂದಿನಾನಾದ್ರೂ ಕೇಳಿದ್ರಾ?"

ಅಲ್ ಖೋರ್ ಎಷ್ಟು ಸಣ್ಣ ಊರೆಂದರೆ, ಅವಳಿಗೆ ಕೊಡಲು ಒಂದು ಒಳ್ಳೆಯ ಭರವಸೆ ಹೊಳೆಯುವ ಮೊದಲೇ ಮನೆ ಬಂದುಬಿಟ್ಟಿತು.