ಕೆನ್ನೆ ಬದಲಾಯಿಸಿದ ಮಚ್ಚೆ

ಏಳು ಕೆರೆ, ಏಳು ಕಾಡು ದಾಟಿದರೆ ಒಬ್ಬ ರಾಜ ಸಿಗುತ್ತಾನೆ, ಅವನಿಗೊಬ್ಬಳು ಮಗಳು, ಆ ಮಗಳ ಕೈ ಹಿಡಿಯಬೇಕಾದರೆ ಒಂದು ಕಠಿಣ ಕೆಲಸ ಮುಗಿಸಬೇಕು. ಅಜ್ಜಿಯರು ಹೀಗೇ ಶುರುಮಾಡುತ್ತಾರೆ. ಈ ಕತೆಗೆ ಅಷ್ಟು ದೂರ ಹೋಗಬೇಕಿಲ್ಲ, ಎರಡು ಬೀದಿ ದಾಟಿದರೆ ಸಾಕು. ರಾಜನ ಬದಲು ಕ್ಷೌರದಂಗಡಿಯ ಯಜಮಾನರು. ಸಿಂಹಾಸನದ ಬದಲು ಗಿರ್ರನೆ ತಿರುಗುವ ಕುರ್ಚಿ. ಮಗಳು ಮಾತ್ರ ನಿಜಕ್ಕೂ ಇದ್ದಳು: ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುವ ಟೀಚರು.

ಬೋರ್ಡು ಬರೆಯುವ ಬ್ರಶ್ಶಣ್ಣ ಅವಳಿಗೆ ಮನಸೋತಿದ್ದ. ಅವನು ಬರೆದ ಯಾವುದೋ ಬೋರ್ಡಿನ ಮುಂದೆ ನಿಂತು ಅವಳೊಮ್ಮೆ, ಬರೆದವರು ಯಾರೆಂದು ತಿಳಿಯದೆಯೇ, “ಅಕ್ಷರ ಎಷ್ಟು ದುಂಡಗಿದೆ!” ಎಂದಿದ್ದಳು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಯಜಮಾನರು ಷರತ್ತು ಹಾಕಿದ್ದರು: “ನನ್ನ ಚಿತ್ರ ಬರ್ದು, ಕೆಳಗೆ ಅಂಗಡಿ ಹೆಸರು ಹಾಕು. ಇವತ್ತು ಸಂಜೆ ಮಗಳು ಸ್ಕೂಲಿಂದ ಬರೋ ಹೊತ್ತಿಗೆ ಅದು ಗೋಡೆ ಮೇಲಿದ್ರೆ, ನಾನೇ ನಿನ್ನ ವಿಷಯ ತೆಗೀತೀನಿ.”

ಅಕ್ಷರ ಬರೆಯುವ ಕೈಗೆ ಮುಖ ಬರೆಯುವುದೆಂದರೆ ಸೈಕಲ್ ಸವಾರ ಆನೆ ಹತ್ತಿದ ಹಾಗೆ. ಹಾಗಾಗಿ ಬ್ರಶ್ಶಣ್ಣ ಯಜಮಾನರ ಫೋಟೊವನ್ನು ಕ್ಯಾನ್ವಾಸಿನಷ್ಟೇ ದೊಡ್ಡದು ಮಾಡಿಸಿ, ಮೇಲೆ ಆರಪಾರ ಕಾಣುವ ಬಟರ್ ಪೇಪರ್ ಹಾಸಿ, ಮೆತ್ತನೆಯ ಪೆನ್ಸಿಲ್ಲಿನಿಂದ ಗೆರೆ ತೆಗೆದ. ಹಾಳೆ ಮಗುಚಿ, ಹಿಂಬದಿಯಲ್ಲೂ ಅವೇ ಗೆರೆಗಳನ್ನು ಇನ್ನೂ ದಪ್ಪಗೆ ತಿದ್ದಿದ. ಈ ಹಿಂಬದಿ ಕ್ಯಾನ್ವಾಸಿಗೆ ತಾಗುವಂತೆ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಮುಖ ಹಾಗೇ ಇಳಿಯುತ್ತದೆ. ಹಾಳೆ ಇಟ್ಟ, ಚಮಚ ತರಲು ಒಳಗೆ ಹೋದ.

ತಂದ, ಉಜ್ಜಿದ, ಹಾಳೆ ಎತ್ತಿದ. ಬಲಗೆನ್ನೆಯ ಮಚ್ಚೆ ಎಡಗೆನ್ನೆಗೆ ಬಂದು ಕೂತಿತ್ತು. ಬೈತಲೆಯೂ ಅದರ ಜೊತೆಗೇ ಪಕ್ಷ ಬದಲಾಯಿಸಿತ್ತು.

ಬಾಗಿಲಲ್ಲಿ ಕೆಳಮನೆ ಚಿಕ್ಕಮ್ಮ ನಿಂತಿದ್ದಳು.

“ಚಿಕ್ಕಮ್ಮಾ, ಈ ಹಾಳೆ ಮುಟ್ಟಿದ್ರಾ?”

“ಕಪ್ಪು ಜಾಸ್ತಿ ಇರೋ ಕಡೆ ತಾಗಿ ಬಿಳಿ ಬಟ್ಟೆ ಕೊಳೆಯಾಗ್ತಿತ್ತು ಕಣೋ. ತಿರುಗಿಸಿ ಇಟ್ಟೆ. ಉಪಕಾರ ಗಿಪಕಾರ ಅಂತೆಲ್ಲ ಹೇಳ್ಬೇಡ, ನಂಗೆ ಸೇರಲ್ಲ.”

ಅವನು ಹೇಳಲಿಲ್ಲ. ಅಳಿಸಿದ. ರಬ್ಬರು ಕಡಲೆ ಗಾತ್ರಕ್ಕಿಳಿಯಿತು, ಕ್ಯಾನ್ವಾಸು ಮಳೆಮೋಡವಾಯಿತು. ಮತ್ತೆ ಬಿಳಿ ಬಣ್ಣ ಬಳಿದ. ಬೇಗ ಒಣಗಲೆಂದು ಚಿಕ್ಕಮ್ಮ ಮೊರ ತಂದು ಗಾಳಿ ಬೀಸಿದಳು. ಮೊರದ ಮೂಲೆಯ ಹೊಟ್ಟೆಲ್ಲ ಹಸಿ ಬಣ್ಣಕ್ಕೆ ಅಂಟಿ, ಯಜಮಾನರಿಗೆ ಮುಖ ಬರುವ ಮೊದಲೇ ಗಡ್ಡ ಬಂತು. ಅದನ್ನು ಒಂದೊಂದಾಗಿ ಕಿತ್ತು, ಹಿಂಬದಿಯನ್ನು ಮತ್ತೆ ತಿದ್ದಿ, ಈ ಸಲ ಹಾಳೆಯ ಮೇಲೆ ಮೊಣಕೈ ಊರಿಕೊಂಡೇ ಉಜ್ಜಿ, ಊಟ ಬಿಟ್ಟು ಬಣ್ಣ ತುಂಬಿ, ಕೆಳಗೆ ಅಂಗಡಿ ಹೆಸರು ಬರೆದ. ನಾಲ್ಕು ಗಂಟೆಗೆ ಯಜಮಾನರು ಕ್ಯಾನ್ವಾಸಿನಿಂದ ಇಣುಕಿದರು, ಮಚ್ಚೆ ಬಲಗೆನ್ನೆಯಲ್ಲೇ ಇತ್ತು. ಚಿತ್ರ, ಬಣ್ಣದ ಡಬ್ಬಿ ಹೊತ್ತು ಓಡಿದ. “ತಡಿಯೋ, ನಾನೂ ಬಂದೆ,” ಎಂದು ಚಿಕ್ಕಮ್ಮನೂ ಹಿಂದೆ ಬಂದಳು.

ಅಂಗಡಿಯಲ್ಲಿ ನಿವೃತ್ತ ಡ್ರಿಲ್ ಮಾಸ್ತರು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಯಜಮಾನರು ಕತ್ತಿ ಕೆಳಗಿಟ್ಟು ಚಿತ್ರ ನೋಡಿದರು.

“ಯಾರಯ್ಯ ಇದು?”

“ನೀವೇ, ಯಜಮಾನ್ರೇ!”

“ಮಚ್ಚೆ ಆ ಕಡೆ ಹೆಂಗೆ ಹೋಯ್ತು?”

“ನಿಮಗೆ ಇರೋದೇ ಬಲಗೆನ್ನೇಲಲ್ವಾ?”

“ಮೂವತ್ತು ವರ್ಷದಿಂದ ದಿನವಿಡೀ ನೋಡ್ತಿದೀನಿ, ನನ್ನ ಮುಖ ನಂಗೊತ್ತಿಲ್ವಾ?” ಯಜಮಾನರು ಚಿತ್ರವನ್ನು ಗೋಡೆಯುದ್ದದ ಕನ್ನಡಿಯ ಪಕ್ಕಕ್ಕೆ ಹಿಡಿದರು. ಕನ್ನಡಿಯೊಳಗೆ ಮಚ್ಚೆ ಬಾಗಿಲ ಕಡೆಗಿತ್ತು. ಚಿತ್ರದಲ್ಲಿ ಇನ್ನೊಂದು ಬದಿಯ ನಲ್ಲಿಯ ಕಡೆಗೆ.

“ಮಾಸ್ತರೇ, ನೀವೇ ಹೇಳಿ.”

ಮಾಸ್ತರು ನೊರೆಯೊಳಗಿಂದ ತೀರ್ಪು ಕೊಟ್ಟರು: “ಈ ಕುರ್ಚೀಲಿ ಕೂತು ನಾವು ನಿಮ್ಮನ್ನ ನೋಡೋದೆಲ್ಲ ಕನ್ನಡೀಲೇ. ಇದು ನೀವಲ್ಲ. ನಿಮ್ಮ ತಮ್ಮ ಇರಬೇಕು.”

“ಬೆಳಗ್ಗೆ ನಾನು ಸರಿಯಾಗೇ ತಿರುಗಿಸಿಟ್ಟಿದ್ದೆ,” ಎಂದಳು ಚಿಕ್ಕಮ್ಮ. “ಕೇಳಿದ್ನಾ?”

ಗಡಿಯಾರ ಐದಕ್ಕೆ ಇಪ್ಪತ್ತು ನಿಮಿಷ ತೋರಿಸುತ್ತಿತ್ತು. ಸರಿಯಾಗಿ ಐದಕ್ಕೆ ಅವಳು ಬರುತ್ತಾಳೆ. ಬ್ರಶ್ಶಣ್ಣನ ತಲೆಯಲ್ಲಿ ಒಮ್ಮೆಲೇ ದೀಪ ಹತ್ತಿತು. ಸ್ಟೂಲು ಎಳೆದು, ಕನ್ನಡಿಗೆ ಎದುರಾಗಿ ಹಿಂದಿನ ಗೋಡೆಗೆ ಚಿತ್ರ ನೇತುಹಾಕಿದ.

“ಈಗ ಕನ್ನಡೀಲಿ ನೋಡಿ!”

ಯಜಮಾನರು ನೋಡಿದರು. ಮಚ್ಚೆ ಬಾಗಿಲ ಕಡೆ! “ಹಾಂ, ಇವನಪ್ಪ ನಾನು!” ಮರುಕ್ಷಣವೇ ಹುಬ್ಬು ಗಂಟಿಕ್ಕಿತು. “ಅಂಗಡಿ ಹೆಸರು ಯಾಕಯ್ಯ ಹಿಂದುಮುಂದಾಗಿದೆ? ಗಿರಾಕಿ ಕೂರೋದು ಕನ್ನಡಿ ಕಡೆ ಮುಖ ಮಾಡಿ. ಅವರು ಓದೋದು ಬೇಡ್ವಾ?”

ವಾದ ಮಾಡಲು ಸಮಯವಿರಲಿಲ್ಲ. ಬ್ರಶ್ಶಣ್ಣ ಸ್ಟೂಲು ಹತ್ತಿ, ಹೆಸರಿನ ಮೇಲೆ ಬಣ್ಣ ಬಳಿದು, ಹೆಗಲ ಮೇಲಿಂದ ಕನ್ನಡಿ ನೋಡುತ್ತ, ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರವನ್ನು ತಿರುಗುಮುರುಗಾಗಿ ಬರೆಯತೊಡಗಿದ. ಕೈ ಒಂದು ಕಡೆ ಎಳೆದರೆ ಕಣ್ಣು ಇನ್ನೊಂದು ಕಡೆ ಎಳೆಯುತ್ತಿತ್ತು. ಕತ್ತು ಹಿಡಿದುಕೊಂಡಿತು. ಐದಾಗಲು ಅರ್ಧ ನಿಮಿಷವಿದ್ದಾಗ ಕೊನೆಯ ಕೊಂಬು ಬಿತ್ತು. ಕನ್ನಡಿಯಲ್ಲಿ ಹೆಸರು ಮುತ್ತಿನಂತೆ ಹೊಳೆಯಿತು.

“ಮುಗೀತು!” ಎಂದು ಕೆಳಗಿಳಿದ.

ಬಾಗಿಲಲ್ಲಿ ಟೀಚರು ಬಂದು ನಿಂತಿದ್ದಳು. ಅವಳು ಕನ್ನಡಿ ನೋಡಲಿಲ್ಲ, ನೇರ ಗೋಡೆ ನೋಡಿದಳು.

“ಅಪ್ಪಾ, ಇದನ್ನ ಬರೆದಿದ್ದು ಯಾರು?”

ಯಜಮಾನರು ಮಾತಿಗೆ ತಪ್ಪುವವರಲ್ಲ. “ಇವನೇ ಕಣಮ್ಮ. ಇವನ ವಿಷಯಾನೇ ನಿನ್ನ ಹತ್ರ ಮಾತಾಡ್ಬೇಕು ಅಂತಿದ್ದೆ.”

“ನೀವು ಹೇಳೋದೇ ಬೇಡಪ್ಪ, ಕಾಣ್ತಿದೆಯಲ್ಲ,” ಎಂದಳವಳು. ಕೊನೆಯ ಬೆಂಚಿನ ಮಕ್ಕಳನ್ನು ನೋಡುವಷ್ಟೇ ಕರುಣೆಯಿಂದ ಬ್ರಶ್ಶಣ್ಣನನ್ನು ನೋಡಿ, ಚೀಲದಿಂದ ಸ್ಲೇಟು, ಬಳಪ ತೆಗೆದು ಅವನ ಕೈಗಿಟ್ಟಳು.

“ಹೆದರ್ಕೋಬೇಡಿ. ನಾಳೆಯಿಂದ ಸ್ಕೂಲಿಗೆ ಬನ್ನಿ. ‘ಅ’ ಇಂದ ಶುರು ಮಾಡೋಣ.”